ಮರಿ ಮೀಮಾಂಸೆ ಅಥವಾ ಸೇಡಿನ ಷಷ್ಠೀ ವಿಭಕ್ತಿ

ಗ್ರಂಥಾರಂಭದಲ್ಲಿ ಇಷ್ಟದೇವತೆಯನ್ನು ನೆನೆಯುವುದು ಶಿಷ್ಟಾಚಾರ. ಪ್ರಕೃತ ಶಾಸ್ತ್ರದ ಇಷ್ಟದೇವತೆ ಬೀಗಲ್ ತಳಿಯ ಒಂದು ನಾಯಿಮರಿ, ನಾಮಧೇಯ ಡೇಸಿ. ಕಾಯಿಲೆಯಿಂದ ತೀರಿಕೊಂಡ ಹೆಂಡತಿ, ಗಂಡ ಒಂಟಿಯಾಗದಿರಲೆಂದು ಸಾಯುವ ಮೊದಲೇ ಏರ್ಪಾಡು ಮಾಡಿ ಕಳಿಸಿದ ಮರಿ ಇದು. 2014ರ ‘ಜಾನ್ ವಿಕ್’ ಚಿತ್ರದಲ್ಲಿ ಒಬ್ಬ ರಷ್ಯನ್ ಪುಂಡ ಇದನ್ನು ಕೊಲ್ಲಿಸಿ, ಜೊತೆಗೆ 1969ರ ಮಸ್ಟಾಂಗ್ ಕಾರನ್ನೂ ಹಾರಿಸಿಕೊಂಡು ಹೋದ. ಕೊಲೆ ಕಸುಬಿನಿಂದ ನಿವೃತ್ತನಾಗಿದ್ದ ಆ ಗಂಡ, ಜಾನ್ ವಿಕ್, ಮನೆಯ ನೆಲವನ್ನು ಸುತ್ತಿಗೆಯಲ್ಲಿ ಒಡೆದು, ಹೂತಿಟ್ಟ ಬಂದೂಕುಗಳನ್ನು ಮೇಲೆತ್ತಿದ. 2023ರವರೆಗೆ, ನಾಲ್ಕು ಸಿನಿಮಾ ಮುಗಿಯುವವರೆಗೆ, ಕೆಳಗಿಡಲಿಲ್ಲ. ಕಾರ್ಯಕಾರಣ ಸಂಬಂಧಕ್ಕೆ ಇಷ್ಟು ದೊಡ್ಡ ಉದಾಹರಣೆ ತರ್ಕಶಾಸ್ತ್ರದಲ್ಲೂ ಸಿಕ್ಕಲಾರದು.

ಈ ವಂಶದಲ್ಲಿ 2025ರ ಜೂನ್‌ನಲ್ಲಿ ಅವತರಿಸಿದ್ದು ‘ಬ್ಯಾಲೆರಿನಾ’. ಲೆನ್ ವೈಸ್‌ಮನ್ ನಿರ್ದೇಶನ. ಮುಖ್ಯ ಪಾತ್ರದಲ್ಲಿ ಅನಾ ಡಿ ಅರ್ಮಾಸ್. ಇಂಥದ್ದನ್ನು ಜನ ಸ್ಪಿನ್‌ಆಫ್ ಎನ್ನುತ್ತಾರೆ. ಇದಕ್ಕೆ ‘ಮರಿಚಿತ್ರ’ ಎಂಬ ಪಾರಿಭಾಷಿಕ ಪದವನ್ನು ಈ ಮೂಲಕ ಟಂಕಿಸಿದ್ದೇನೆ. ಮರಿಪುಢಾರಿ ಹೇಗೋ ಹಾಗೆ: ಗತ್ತೆಲ್ಲ ಉಂಟು, ಟಿಕೆಟ್ ಮಾತ್ರ ದೊಡ್ಡವರ ಕೈಯಲ್ಲಿ.

ವಿಷಯವಿಷ್ಟು. ಈವ್ ಮಕಾರೊ ಎಂಬ ಬಾಲೆ ಕಣ್ಣೆದುರೇ ಅಪ್ಪನನ್ನು ಕಳೆದುಕೊಳ್ಳುತ್ತಾಳೆ. ‘ರುಸ್ಕಾ ರೋಮಾ’ ಎಂಬ ಕುಲದವರು ಅವಳನ್ನು ಸಾಕಿ, ನ್ಯೂಯಾರ್ಕಿನ ನಾಟಕಶಾಲೆಯೊಂದರಲ್ಲಿ ಬ್ಯಾಲೆ ನೃತ್ಯವನ್ನೂ ಕೊಲೆಯನ್ನೂ ಒಂದೇ ಪಠ್ಯಕ್ರಮದಲ್ಲಿ ಕಲಿಸುತ್ತಾರೆ. ಬೆಳೆದ ಮೇಲೆ ಅವಳು ಅಪ್ಪನನ್ನು ಕೊಂದವರನ್ನು ಹುಡುಕಿ ಹೊರಡುತ್ತಾಳೆ. ಸಂಶಯ: ಈ ಸೇಡು ಅವಳದೋ, ಅಲ್ಲವೋ?

ಪೂರ್ವಪಕ್ಷವನ್ನು ಮಂಡಿಸಿದವಳು ನನ್ನ ಅಕ್ಕನ ಮಗಳು. “ಮಾಮ, ಅಪ್ಪ ಅವಳದು, ಏಟು ತಿನ್ನೋದು ಅವಳು. ಸೇಡು ಇನ್ಯಾರದಾಗತ್ತೆ? ಸುಮ್ನೆ ನೋಡಿ.” ಸುಮ್ಮನೆ ನೋಡುವುದು ಶಾಸ್ತ್ರಕಾರನ ಸ್ವಭಾವಕ್ಕೆ ವಿರುದ್ಧ. ಮೊದಲು ಶೀರ್ಷಿಕೆಯನ್ನೇ ತೆಗೆದುಕೊಳ್ಳಿ. ಪೋಸ್ಟರಿನ ಮೇಲೆ ಇರುವುದು ‘ಫ್ರಮ್ ದ ವರ್ಲ್ಡ್ ಆಫ್ ಜಾನ್ ವಿಕ್: ಬ್ಯಾಲೆರಿನಾ’ ಎಂದು. ಜಾನ್ ವಿಕ್‌ನ ಲೋಕ, ಅದು ಷಷ್ಠಿ. ಲೋಕದ ದೆಸೆಯಿಂದ, ಅದು ಪಂಚಮಿ. ಇಷ್ಟು ವಿಭಕ್ತಿಗಳನ್ನು ದಾಟಿ, ಮೇಲೊಂದು ಕೆಳಗೊಂದು ಕಾವಲಿಗೆ ನಿಂತ ಎರಡು ಚುಕ್ಕಿಗಳಿಗೆ ಗುರುತಿನ ಚೀಟಿ ತೋರಿಸಿದ ಮೇಲಷ್ಟೇ ನಾಯಕಿಗೆ ಪ್ರಥಮಾ ವಿಭಕ್ತಿ ಪ್ರಾಪ್ತಿ. ಅಲ್ಲೂ ಅವಳ ಹೆಸರಿಲ್ಲ, ಹುದ್ದೆ ಮಾತ್ರ. ಅವನ ಚಿತ್ರಕ್ಕೆ ‘ಹಂತಕ’ ಎಂದು ಹೆಸರಿಟ್ಟು ಸುಮ್ಮನಾದರೇ? ಸೊಸೆಯನ್ನು ‘ಇಂಥವರ ಮನೆಯ ಸೊಸೆ’ ಎಂದೇ ಪರಿಚಯಿಸುವ ಪದ್ಧತಿ ನಮ್ಮಲ್ಲಿ ಮಾತ್ರ ಇದೆಯೆಂದುಕೊಂಡಿದ್ದೆ. ಹಾಲಿವುಡ್ಡಿನಲ್ಲೂ ಇದೆ.

ಹಿಂದಿನ ಹಿರಿಯಕ್ಕಂದಿರಿಗೆ ಈ ಶಿಫಾರಸು ಪತ್ರ ಬೇಕಿರಲಿಲ್ಲ. 1973ರ ಜಪಾನಿ ಚಿತ್ರ ‘ಲೇಡಿ ಸ್ನೋಬ್ಲಡ್’ನಲ್ಲಿ ತಾಯಿ ಸೆರೆಮನೆಯಲ್ಲಿ ಮಗಳನ್ನು ಹೆರುವುದೇ ಸೇಡು ತೀರಿಸಲಿಕ್ಕೆ, ಹುಟ್ಟುವಾಗಲೇ ಸಾಲದ ಪತ್ರ ಕೈಗೆ ಬಂದಂತೆ. ಅದರ ಋಣವನ್ನು ‘ಕಿಲ್ ಬಿಲ್’ ಹೊತ್ತುಕೊಂಡಿತು. 1990ರ ‘ನಿಕಿಟಾ’ದ ಹಂತಕಿ ಆನ್ ಪಾರಿಲ್ಲೋ, ‘ಬ್ಯಾಲೆರಿನಾ’ದಲ್ಲಿ ಹಂತಕರೇ ತಂಗುವ ಪ್ರಾಗ್‌ನ ಕಾಂಟಿನೆಂಟಲ್ ಹೋಟೆಲಿನ ಮ್ಯಾನೇಜರಾಗಿ ಕುಳಿತಿದ್ದಾರೆ. ಆವರಣದಲ್ಲಿ ಕೊಲೆ ನಿಷಿದ್ಧ ಎಂಬ ನಿಯಮ ಪಾಲನೆಯಾಗುತ್ತಿದೆಯೇ ಎಂದು ನೋಡುವುದು ಅವರ ಕೆಲಸ. ಹಂತಕಿಯರಿಗೂ ನಿವೃತ್ತಿಯ ನಂತರ ಆಡಳಿತಾತ್ಮಕ ಹುದ್ದೆ ಸಿಗುತ್ತದೆ ಎಂಬುದು ಇದರಿಂದ ಸಿದ್ಧ.

ಆಯುಧ ಪ್ರಕರಣಕ್ಕೆ ಬರೋಣ. ಜಾನ್ ವಿಕ್ ಒಂದೇ ಪೆನ್ಸಿಲಿನಿಂದ ಮೂವರನ್ನು ಮುಗಿಸಿದನೆಂದು ಪ್ರತೀತಿ. ಮೂರನೇ ಭಾಗದಲ್ಲಿ ನ್ಯೂಯಾರ್ಕಿನ ಸಾರ್ವಜನಿಕ ಗ್ರಂಥಾಲಯದೊಳಗೇ ದಪ್ಪ ಪುಸ್ತಕವೊಂದನ್ನು ಆಯುಧವಾಗಿ ಬಳಸುತ್ತಾನೆ. ಪುರುಷನ ಹಿಂಸೆ ವಿದ್ಯಾಸಂಬಂಧಿ. (ನನ್ನ ಪಿಎಚ್‌.ಡಿ. ಪ್ರಬಂಧಕ್ಕೂ ಆ ದಪ್ಪವಿದೆ.) ಈವ್‌ಗಾದರೋ ಗುರುವಿನ ಉಪದೇಶವೇ ಬೇರೆ: ಎದುರಾಳಿ ಯಾವತ್ತೂ ನಿನಗಿಂತ ದೊಡ್ಡವನೇ ಇರುತ್ತಾನೆ, ಆದ್ದರಿಂದ ಅವನ ನಿಯಮದಲ್ಲಿ ಆಡಬೇಡ, ಹುಡುಗಿಯಂತೆ ಹೊಡೆದಾಡು. ಶಿಷ್ಯೆ ಉಪದೇಶವನ್ನು ಪಾಲಿಸಿ ಊಟದ ತಟ್ಟೆ, ಐಸ್ ಸ್ಕೇಟ್, ಕೊನೆಗೆ ಕೈಬಾಂಬುಗಳನ್ನು ಎಸೆದಾಡುತ್ತಾಳೆ. ತಟ್ಟೆ ಒಡೆಯುವ ದೃಶ್ಯ ಕಂಡಾಗ ನಮ್ಮ ಮನೆಯವಳ ಮುಖದಲ್ಲಿ ಯಾವ ಆಶ್ಚರ್ಯವೂ ಕಾಣಲಿಲ್ಲ ಎಂಬುದನ್ನು ಕ್ಷೇತ್ರಕಾರ್ಯದ ಟಿಪ್ಪಣಿಯಾಗಿ ದಾಖಲಿಸಿದ್ದೇನೆ.

ಈಗ ದೇಶಪ್ರಕರಣ. ಇದೇ ಈ ಪ್ರಬಂಧದ ಹೃದಯ. ಈವ್ ಹುಡುಕಿಕೊಂಡು ಹೋಗುವ, ಅಪ್ಪನನ್ನು ಕೊಂದ ಪಂಥದ ನೆಲೆ ಆಸ್ಟ್ರಿಯಾದ ಹಾಲ್‌ಸ್ಟಾಟ್. ಚಿತ್ರದಲ್ಲಿ ಆ ಊರಿನ ಅಡುಗೆಯವರು, ಅಂಗಡಿಯವರು, ನೆರೆಹೊರೆ ಎಲ್ಲರೂ ಕೊಲೆಗಾರರೇ. ನಿಜವಾದ ಹಾಲ್‌ಸ್ಟಾಟ್ ಸರೋವರದ ದಂಡೆಯ ಪುಟ್ಟ ಊರು. ಜನಸಂಖ್ಯೆ ಎಂಟುನೂರರ ಒಳಗೆ. ಸುಗ್ಗಿಯ ಕಾಲದಲ್ಲಿ ಬರುವ ಪ್ರವಾಸಿಗರು ದಿನಕ್ಕೆ ಹತ್ತು ಸಾವಿರದವರೆಗೆ. 1997ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 2012ರಲ್ಲಿ ಚೀನಾದವರು ಇಡೀ ಊರಿನ ನಕಲನ್ನೇ ಕಟ್ಟಿಬಿಟ್ಟರು. 2023ರಲ್ಲಿ ಸೆಲ್ಫಿಯವರ ಕಾಟ ತಾಳದೆ ನೋಟಕ್ಕೆ ಅಡ್ಡವಾಗಿ ಮರದ ಬೇಲಿಯನ್ನೇ ಹಾಕಿ ನೋಡಿದರು. ಆದ್ದರಿಂದ ಹೊರಗಿನವರು ಬಂದೊಡನೆ ಊರಿಗೆ ಊರೇ ಆಯುಧ ಹಿಡಿಯುವ ದೃಶ್ಯವನ್ನು ಅತಿರಂಜಿತವೆನ್ನಲು ನಾನು ಸಿದ್ಧನಿಲ್ಲ.

ಹಾಲ್‌ಸ್ಟಾಟಿನದು ಜಗತ್ತಿನ ಅತಿ ಹಳೆಯ ಉಪ್ಪಿನ ಗಣಿಗಳಲ್ಲೊಂದು. 1734ರಲ್ಲಿ ಗಣಿಯೊಳಗೆ, ಉಪ್ಪಿನಲ್ಲಿ ಕೆಡದೆ ಉಳಿದಿದ್ದ ಪ್ರಾಚೀನ ಕಾಲದ ಹೆಣವೊಂದು ಸಿಕ್ಕಿತು. ಉಪ್ಪು ತಿಂದವರು ನೀರು ಕುಡಿಯಲೇಬೇಕೆಂಬುದು ನಮ್ಮ ಹಿರಿಯರ ಮಾತು. ಕ್ಲೈಮ್ಯಾಕ್ಸಿನಲ್ಲಿ ಬೆಂಕಿಯುಗುಳುವ ಯಂತ್ರ ಹಿಡಿದು ಬಂದವನಿಗೆ ಈವ್ ಅಗ್ನಿಶಾಮಕದ ಪೈಪು ಹಿಡಿದು ನೀರು ಕುಡಿಸುತ್ತಾಳೆ. ಗಾದೆಯೊಂದನ್ನು ಇಷ್ಟು ಅಕ್ಷರಶಃ ಚಿತ್ರೀಕರಿಸಿದ ನಿದರ್ಶನ ನನ್ನ ಗಮನಕ್ಕೆ ಬಂದಿಲ್ಲ. ಕಥೆ ಬರೆದವರಿಗೆ ಕನ್ನಡ ಬರುತ್ತಿತ್ತೆಂದು ವಾದಿಸುವ ಆಸೆಯನ್ನು ಕಷ್ಟಪಟ್ಟು ತಡೆದುಕೊಂಡಿದ್ದೇನೆ.

ಇನ್ನೊಂದು ಪ್ರಾಯೋಗಿಕ ತೊಡಕಿದೆ. ಆ ಊರಿನ ಸ್ಮಶಾನ ತೀರ ಚಿಕ್ಕದು. ಜಾಗ ಸಾಲದೆ ಹಿಂದೆ ಹತ್ತು ಹದಿನೈದು ವರ್ಷಕ್ಕೊಮ್ಮೆ ಗೋರಿ ಅಗೆದು, ತಲೆಬುರುಡೆ ತೊಳೆದು ಒಣಗಿಸಿ, ಹೂಬಳ್ಳಿಯ ಚಿತ್ತಾರ ಬರೆದು, ಹೆಸರು ಬರೆದು ಪಕ್ಕದ ಅಸ್ಥಿಗೃಹದಲ್ಲಿ ಜೋಡಿಸಿಡುತ್ತಿದ್ದರು. ಅಲ್ಲಿ ಸಾವಿರದ ಇನ್ನೂರರಷ್ಟು ಬುರುಡೆಗಳಿದ್ದು, ಅರ್ಧಕ್ಕೆ ಬಣ್ಣದ ಅಲಂಕಾರವಿದೆ. ಈವ್ ಒಂದೇ ರಾತ್ರಿಯಲ್ಲಿ ಕೆಡವಿದವರನ್ನು ಹೂಳುವುದೆಲ್ಲಿ, ಚಿತ್ತಾರ ಬರೆಯಲು ಕಲಾವಿದರು ಯಾರು ಉಳಿದರು ಎಂಬುದಕ್ಕೆ ಚಿತ್ರದಲ್ಲಿ ಉತ್ತರವಿಲ್ಲ.

ಇಷ್ಟಾಗುವಾಗ ಮೂಲಪುರುಷನ ಆಗಮನ. ಅವಳನ್ನು ತಡೆಯಲೆಂದು ಕಳಿಸಲ್ಪಟ್ಟ ಜಾನ್ ವಿಕ್ ಅವಳನ್ನು ನೆಲಕ್ಕೆ ಕೆಡವಿ, ಆಮೇಲೆ ಮನಸ್ಸು ಕರಗಿ, ಮಧ್ಯರಾತ್ರಿಯವರೆಗೆ ಗಡುವು ಕೊಡುತ್ತಾನೆ. ಪೂರ್ವಪಕ್ಷ ಇಲ್ಲಿಗೆ ಖಂಡಿತವಾಯಿತು. ಅವನಿಗೆ ಒಂದು ಮರಿಗಾಗಿ ನಾಲ್ಕು ಚಿತ್ರ. ಇವಳಿಗೆ ಸ್ವಂತ ಅಪ್ಪನಿಗಾಗಿ ಒಂದೇ ಚಿತ್ರ, ಅದರಲ್ಲೂ ಹಾಸ್ಟೆಲ್ ವಾರ್ಡನ್ನಿನಂತೆ ವೇಳೆ ಹೇಳುವವನೊಬ್ಬ.

ಅಕ್ಕನ ಮಗಳು ಆಗಲೂ ಸೋಲೊಪ್ಪಲಿಲ್ಲ. “ಕೊನೆಗೆ ಗೆದ್ದಳಲ್ಲ, ಮಾಮ?” ಗೆದ್ದಳು. ಗೆದ್ದದ್ದಕ್ಕೆ ಅವಳ ತಲೆಗೂ ಬೆಲೆ ಕಟ್ಟಿದರು: 50 ಲಕ್ಷ ಡಾಲರ್. ಮೂರನೇ ಭಾಗದ ಆರಂಭದಲ್ಲಿ ಜಾನ್ ವಿಕ್ ತಲೆಗೆ ಘೋಷಿಸಿದ್ದು 1 ಕೋಟಿ 40 ಲಕ್ಷ. ಅಕ್ಕನ ಮಗಳು ಮೊಬೈಲ್ ತೆಗೆದು ಭಾಗಿಸಿ ನೋಡಿದಳು, ಮತ್ತೊಮ್ಮೆ ಭಾಗಿಸಿದಳು. “ಇದೂ ಹೀಗೇನಾ?” ಎಂದು ಎದ್ದು ಹೋಗಿ, ತಟ್ಟೆ ತೊಳೆಯುವ ಸರದಿ ಈವತ್ತು ನನ್ನದೆಂದು ಒಳಗಿನಿಂದ ಕೂಗಿ ಹೇಳಿದಳು.