ಅಪ್ಪಯ್ಯನ ಹೆಸರಿನ ಗ್ರಾಫಿಕ್ಸ್ ಕಾರ್ಡು

ಅಮೆರಿಕದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವವನಿಗೆ ಗೊತ್ತಿಲ್ಲದ ಯಂತ್ರವೇ ಇಲ್ಲ ಎಂಬುದು ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಹಂಚಿಹೋಗಿರುವ ನಮ್ಮ ಬಳಗದ ಒಮ್ಮತದ ನಂಬಿಕೆ. ಮಿಕ್ಸಿ ಕೆಟ್ಟರೂ ಡಲ್ಲಾಸಿಗೆ ಫೋನು ಬರುತ್ತದೆ. ಹೀಗಿರುವಾಗ ಸಾಗರದ ಮನೆಯ ಹಳೇ ಡೆಸ್ಕ್‌ಟಾಪಿಗೆ ಗ್ರಾಫಿಕ್ಸ್ ಕಾರ್ಡ್ ಹಾಕಿಸುವ ಪ್ರಸ್ತಾಪ ಬೇರೆಲ್ಲಿಗೆ ಹೋದೀತು?

ಅರ್ಜಿ ಬಂದದ್ದು ಅಪ್ಪಯ್ಯನ ಹೆಸರಿನಲ್ಲಿ. ಯೂಟ್ಯೂಬಿನಲ್ಲಿ ಯಕ್ಷಗಾನ ನೋಡುವಾಗ ಚಿತ್ರ ತಡವರಿಸುತ್ತದಂತೆ. ಭಾಗವತರು ಮುಂದಿನ ಪದಕ್ಕೆ ಹೋದರೂ ವೇಷಧಾರಿಯ ಕಾಲು ಹಿಂದಿನ ತಾಳದಲ್ಲೇ ಇರುತ್ತದಂತೆ. ಮಾತು ಸುಳ್ಳಲ್ಲ. ಅದು 2012ರ ಕಾಲದ ಪ್ರೊಸೆಸರ್. ಯೂಟ್ಯೂಬ್ ಈಗ ಕಳಿಸುವ ವಿಪಿ9 ವಿಡಿಯೊ ಬಿಡಿಸಲು ಅದರಲ್ಲಿ ಪ್ರತ್ಯೇಕ ವ್ಯವಸ್ಥೆಯಿಲ್ಲ. ಅಷ್ಟೂ ಲೆಕ್ಕವನ್ನು ತಾನೇ ಮಾಡಿ ಏದುಸಿರು ಬಿಡುತ್ತದೆ. ಆದರೆ ಅರ್ಜಿಯ ಕೊನೆಯಲ್ಲಿ "ಜಿಟಿಎ 5 ಓಡಿದರೂ ಅಡ್ಡಿಲ್ಲ" ಎಂದಿತ್ತು. ಅಪ್ಪಯ್ಯನಿಗೆ ಎಪ್ಪತ್ತೆಂಟು. ತಮ್ಮನ ಮಗನಿಗೆ ಹದಿನಾರು.

ವಾಟ್ಸಾಪ್ ಗುಂಪಿನಲ್ಲಿ ಹೊಸನಗರದ ಅಕ್ಕನ ಮಗ ಆರ್‌ಟಿಎಕ್ಸ್ 4090ರ ಚಿತ್ರ ಹಾಕಿದ. 2022ರಲ್ಲಿ ಬಂದಾಗ ಅದರ ಬೆಲೆ 1,599 ಡಾಲರ್. ನಾನು ಡಾಲರನ್ನು ರೂಪಾಯಿ ಮಾಡಿದೆ, ಅಪ್ಪಯ್ಯ ರೂಪಾಯಿಯನ್ನು ಅಡಿಕೆ ಮಾಡಿದರು: "ರಾಶಿ ಇಡಿ ಎರಡೂವರೆ ಕ್ವಿಂಟಾಲ್! ಕೊಳೆ ರೋಗದ ವರ್ಷ ಮಾರಾಯ!" ಅದೂ ಅಲ್ಲದೆ ಅದು ಎಳೆಯುವುದು 450 ವ್ಯಾಟ್. "ಕರೆಂಟಿಗೆ ಎಂತ ಬರ? ಲಿಂಗನಮಕ್ಕಿ ಮಗ್ಗುಲಲ್ಲೇ ಉಂಟು, ಶರಾವತಿ ವಿದ್ಯುದಾಗಾರ ಒಂದೇ 1,035 ಮೆಗಾವ್ಯಾಟಿಂದು" ಎಂದರು ತೀರ್ಥಹಳ್ಳಿಯ ಮಾವ. ಆಮೇಲೆ ಮಾವ ಸಂಜೆಯವರೆಗೂ ಗುಂಪಿನಲ್ಲಿ ಕಾಣಲಿಲ್ಲ. ಕರೆಂಟು ಹೋಗಿ ವೈಫೈ ಸತ್ತಿತ್ತು.

ಕೊನೆಗೆ ಕ್ಯಾಬಿನೆಟ್ ಬಿಚ್ಚಿದವಳು ತಮ್ಮನ ಹೆಂಡತಿ. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ವಿಡಿಯೊ ಕಾಲ್. ಹಲ್ಲಿಯ ಮೊಟ್ಟೆಗಳನ್ನು ಸರಿಸಿ ಪವರ್ ಸಪ್ಲೈ ಮೇಲಿನ ಸ್ಟಿಕ್ಕರ್ ಓದಿದಳು: 240 ವ್ಯಾಟ್. "ಭಾವ, ಕಾರ್ಡಿಗೆ ಕೊಡೋ ಬೇರೆ ವಯರು ಒಂದೂ ಇಲ್ಲ." ಅಂದರೆ ಮದರ್‌ಬೋರ್ಡಿನ ಸ್ಲಾಟು ಕೊಡುವ 75 ವ್ಯಾಟಿನಲ್ಲೇ ಎಲ್ಲ ಮುಗಿಯಬೇಕು. ಹೊಲಿಗೆಯ ಟೇಪು ಹಿಡಿದಳು: ಕ್ಯಾಬಿನೆಟ್ ನಾಲ್ಕು ಇಂಚೂ ದಪ್ಪವಿಲ್ಲ. ಗಿಡ್ಡ ಕಾರ್ಡೇ ಆಗಬೇಕು. ಇಷ್ಟು ಗೊತ್ತಾಗಲು ಹತ್ತು ನಿಮಿಷ ಸಾಕಾಯಿತು. ಅದಕ್ಕೂ ಮುಂಚಿನ ಗಂಡಸರ ಚರ್ಚೆಗೆ ಎರಡು ವಾರ.

ಆರ್‌ಎಕ್ಸ್ 6400 ಗಿಡ್ಡವೂ ಹೌದು, 53 ವ್ಯಾಟಿನ ಮಿತಾಹಾರಿಯೂ ಹೌದು. ಆದರೆ ಅದು ಬಳಸುವುದು ಸ್ಲಾಟಿನ ಹದಿನಾರು ಲೇನುಗಳಲ್ಲಿ ನಾಲ್ಕನ್ನೇ. ಹಳೇ ಬೋರ್ಡಿನಲ್ಲಿ ಆ ನಾಲ್ಕರ ವೇಗವೂ ಅರ್ಧ ಇಲ್ಲವೇ ಅದಕ್ಕೂ ಕಮ್ಮಿ. ಜಿಟಿ 1030 ಯಕ್ಷಗಾನಕ್ಕೆ ಧಾರಾಳ, ಹುಡುಗನಿಗೆ ಸಾಲದು. ಹಾಗಾಗಿ 2019ರ ಜಿಟಿಎಕ್ಸ್ 1650ರ ಗಿಡ್ಡ ಮಾದರಿ: 4 ಜಿಬಿ, 75 ವ್ಯಾಟ್. ಬೆಂಗಳೂರಿನಲ್ಲೂ ಸಿಗುತ್ತದೆಂದೆ. ಅಮೆರಿಕದಿಂದ ಬಂದದ್ದಕ್ಕೆ ಬೇರೆಯೇ ತೂಕವಂತೆ.

ತೂಕದ್ದೇ ತೊಂದರೆಯಾಯಿತು. ಊರಿಗೆ ಹೊರಟಿದ್ದ ಪರಿಚಯದವರು ಸೂಟ್‌ಕೇಸ್ 23 ಕಿಲೊ ಮೀರಬಾರದೆಂದು ರಟ್ಟಿನ ಡಬ್ಬ ಬಿಸಾಡಿ, ಕಾರ್ಡನ್ನು ಟವೆಲಿನಲ್ಲಿ ಸುತ್ತಿ, ಡಬ್ಬದ ಜಾಗಕ್ಕೆ ಬಾದಾಮಿ ತುಂಬಿದರು. ತೆಳು ಕ್ಯಾಬಿನೆಟ್ಟಿಗೆ ಹೊಂದುವ ಚಿಕ್ಕ ಬ್ರ್ಯಾಕೆಟ್ ಇದ್ದದ್ದು ಆ ಡಬ್ಬದ ಮೂಲೆಯಲ್ಲಿ. ಕಾರ್ಡಿನ ಜೊತೆ ಸಾಗರ ತಲುಪಿದ್ದು ಉದ್ದನೆಯದು.

ತಮ್ಮನ ಹೆಂಡತಿ ಅದನ್ನು ಬಿಚ್ಚಿಕೊಂಡು ಪೇಟೆಯ ಲೇತ್ ಅಂಗಡಿಗೆ ನಡೆದಳು. ಅಡಿಕೆ ಸುಲಿಯುವ ಮೆಷಿನ್ನುಗಳ ನಡುವೆ ಕೂತಿದ್ದ ಹುಡುಗ ತಿರುಗಿಸಿ ನೋಡಿ, ಕೊಯ್ದು, ತುದಿ ಮಡಚಿ, ತೂತು ಹೊಡೆದು ಕೊಟ್ಟ.

"ಅಕ್ಕಾ, ಇದ್ರಲ್ಲಿ ಜಿಟಿಎ ಓಡತ್ತಾ?"

"ಅದಕ್ಕಲ್ಲ, ಮಾವನವರು ಯಕ್ಷಗಾನ ನೋಡಕ್ಕೆ."

"ನಮ್ಮನೇದೂ ಅಪ್ಪನ ಭಜನೆಗೇ ತಂದದ್ದು ಅಕ್ಕಾ" ಎಂದನಂತೆ ಅವನು.