ತಾರಸಿಯ ಕಂಪ್ಯೂಟರೂ ನನ್ನ ಮೊಣಕಾಲೂ

ಟ್ಯಾಂಕಿನಲ್ಲಿ ಎಷ್ಟು ನೀರಿದೆ ಎಂದು ತಿಳಿಯಲು ಮೆಟ್ಟಿಲು ಹತ್ತುವುದು ಅನಾಗರಿಕ ಪದ್ಧತಿ ಎಂದು ನನಗೆ ಹೊಳೆದದ್ದು ಮೊಣಕಾಲು ಮಾತಾಡಲು ಶುರುಮಾಡಿದ ಮೇಲೆ. ನಾವಿರುವುದು ನೆಲಮಹಡಿಯಲ್ಲಿ, ಟ್ಯಾಂಕಿರುವುದು ಮೂರು ಮಹಡಿ ದಾಟಿ ತಾರಸಿಯಲ್ಲಿ. ಹಾಗಾಗಿ ಒಂದು ರಾಸ್ಪ್‌ಬೆರಿ ಪೈ ತಂದೆ. ಇಡೀ ಕಂಪ್ಯೂಟರ್ ಒಂದೇ ಹಲಗೆಯ ಮೇಲೆ. ಉದ್ದ 85 ಮಿಲಿಮೀಟರ್, ಅಗಲ 56. 2012ರಲ್ಲಿ ಬ್ರಿಟನ್ನಿನಲ್ಲಿ ಇದನ್ನು ಹೊರತಂದವರ ಆಸೆ, ಮಕ್ಕಳು ಪ್ರೋಗ್ರಾಮಿಂಗ್ ಕಲಿಯಲಿ ಎಂಬುದು. ಐವತ್ತು ದಾಟಿದವರ ಬಗ್ಗೆ ಅವರೇನೂ ಭರವಸೆ ಕೊಟ್ಟಿರಲಿಲ್ಲ.

ಟ್ಯಾಂಕಿಗೊಂದು ಸೆನ್ಸರ್, ಮೆಟ್ಟಿಲುಕೋಣೆಯಲ್ಲಿ ಈ ಹಲಗೆ, ಕೆಳಗೆ ಸೋಫಾದ ಮೇಲೆ ಲ್ಯಾಪ್‌ಟಾಪ್ ಸಮೇತ ನಾನು. ನಡುವೆ ಎಸ್‌ಎಸ್‌ಎಚ್. ದೂರದ ಕಂಪ್ಯೂಟರಿನೊಳಗೆ ಯಾರೂ ಕದ್ದು ಕೇಳದಂತೆ ಹೊಕ್ಕು ಕೆಲಸ ಮಾಡಿಸುವ ದಾರಿ ಇದು. ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಪಾಸ್‌ವರ್ಡ್‌ಗಳ ಕಳವಾದಾಗ ಅಲ್ಲಿನ ಟಾಟು ಯೂಲೊನೆನ್ 1995ರಲ್ಲಿ ಬರೆದದ್ದು. ಕಳ್ಳರನ್ನು ಹೊರಗಿಡುವ ಉತ್ಸಾಹದಲ್ಲಿ ಅದು ಮಾಲೀಕನನ್ನೂ ಒಳಗೆ ಬಿಡಲಿಲ್ಲ.

ಮೊದಲ ಉತ್ತರ: ‘ಕನೆಕ್ಷನ್ ರೆಫ್ಯೂಸ್ಡ್’. ವಿಚಾರಿಸಿದರೆ, 2016ರ ಕೊನೆಯಿಂದ ಈ ಹಲಗೆಯಲ್ಲಿ ಎಸ್‌ಎಸ್‌ಎಚ್ ಬಾಗಿಲನ್ನು ಮುಚ್ಚಿಯೇ ಕೊಡುತ್ತಾರಂತೆ, ಪಾಸ್‌ವರ್ಡ್ ಬದಲಿಸದೆ ಬಿಡುವ ನನ್ನಂಥವರಿಗೆ ಹೆದರಿ. ತೆರೆಯಬೇಕಾದರೆ ಮೆಮೊರಿ ಕಾರ್ಡಿನಲ್ಲಿ ‘ಎಸ್‌ಎಸ್‌ಎಚ್’ ಹೆಸರಿನ ಖಾಲಿ ಫೈಲ್ ಇಟ್ಟರೆ ಸಾಕು. ಮೇಲೆ ಹತ್ತಿ ಕಾರ್ಡ್ ತಂದೆ, ಫೈಲ್ ಮಾಡಿದೆ, ಮತ್ತೆ ಹತ್ತಿ ಸಿಕ್ಕಿಸಿದೆ. ಮತ್ತೆ ಅದೇ ಉತ್ತರ. ನೋಟ್‌ಪ್ಯಾಡ್ ಮಹಾಶಯ ಆ ಹೆಸರಿನ ಬಾಲಕ್ಕೆ ‘ಡಾಟ್ ಟಿಎಕ್ಸ್‌ಟಿ’ ಅಂಟಿಸಿದ್ದ, ವಿಂಡೋಸ್ ಅದನ್ನು ನನ್ನಿಂದ ಮುಚ್ಚಿಟ್ಟಿತ್ತು. ಒಳಗೆ ಒಂದಕ್ಷರವೂ ಇಲ್ಲದ ಫೈಲನ್ನು ತಪ್ಪಾಗಿ ಬರೆಯುವುದು ಸಾಮಾನ್ಯರ ಕೈಲಾಗುವ ಕೆಲಸವಲ್ಲ.

ಬಾಲ ಕತ್ತರಿಸಿದ ಮೇಲೆ ಬಾಗಿಲು ತೆರೆಯಿತು, ಪಾಸ್‌ವರ್ಡ್ ಕೇಳಿತು. ಟೈಪಿಸಿದರೆ ಪರದೆಯ ಮೇಲೆ ಒಂದು ಚುಕ್ಕಿಯೂ ಮೂಡದು. ವೈರ್‌ಲೆಸ್ ಕೀಬೋರ್ಡ್ ಸತ್ತಿದೆ ಎಂದು ಅದರ ಬ್ಯಾಟರಿ ಬದಲಿಸಿದೆ. ಪಾಸ್‌ವರ್ಡನ್ನು ಹೀಗೆ ಕಾಣದಂತೆ ಪಡೆಯುವುದೇ ಅದರ ಸಂಪ್ರದಾಯ ಎಂದು ಮಗ ಹೇಳಿದ. ಹಳೆಯ ಪುಸ್ತಕದಲ್ಲಿದ್ದ ‘ಪೈ’ ಎಂಬ ಹೆಸರು, ‘ರಾಸ್ಪ್‌ಬೆರಿ’ ಎಂಬ ಪಾಸ್‌ವರ್ಡ್ ಎರಡನ್ನೂ 2022ರ ಏಪ್ರಿಲ್‌ನಲ್ಲೇ ತೆಗೆದುಹಾಕಿದ್ದಾರೆ ಎಂಬುದನ್ನೂ ಅವನೇ ಹೇಳಿದ, ನಾನು ಸಾಕಷ್ಟು ಹೊತ್ತು ಟೈಪಿಸಿದ ಮೇಲೆ. ಮತ್ತೆ ಹತ್ತಿದೆ, ಕಾರ್ಡ್ ತಂದೆ, ಎಲ್ಲ ಅಳಿಸಿ ಹೊಸದಾಗಿ ತುಂಬಿ, ನನ್ನದೇ ಹೆಸರು ಕೊಟ್ಟೆ.

ಈ ಸಲ ಪರದೆ ತುಂಬ ದೊಡ್ಡಕ್ಷರಗಳು. ಆಚೆ ಕಡೆಯ ಯಂತ್ರದ ಗುರುತು ಬದಲಾಗಿದೆ, ಯಾರೋ ಕೆಟ್ಟ ಕೆಲಸ ಮಾಡುತ್ತಿರಬಹುದು, ಈಗಲೇ ನಿಮ್ಮನ್ನು ಕದ್ದು ಕೇಳುತ್ತಿರಬಹುದು! ನನ್ನ ಅನುಮಾನ ಸೀದಾ ಎರಡನೇ ಮಹಡಿಯ ಇಂಜಿನಿಯರಿಂಗ್ ಹುಡುಗನ ಮೇಲೆ ಹೋಯಿತು. ಮನೆಯ ವೈ-ಫೈ ಪಾಸ್‌ವರ್ಡ್ ಬದಲಿಸಿದೆ. ಅತ್ತೆಯ ಧಾರಾವಾಹಿ ಅರ್ಧಕ್ಕೆ ನಿಂತಿತು, ಹೆಂಡತಿಯ ಆಫೀಸ್ ಮೀಟಿಂಗೂ ನಿಂತಿತು. ಎರಡು ದಿನ ಆ ಹುಡುಗನ ನಮಸ್ಕಾರಕ್ಕೆ ನಾನು ಪ್ರತಿನಮಸ್ಕಾರ ಮಾಡಲಿಲ್ಲ. ಆಮೇಲೆ ತಿಳಿಯಿತು: ಕಾರ್ಡನ್ನು ಹೊಸದಾಗಿ ತುಂಬಿದಾಗ ಹಲಗೆ ತನ್ನ ಗುರುತಿನ ಕೀಲಿಯನ್ನೂ ಹೊಸದಾಗಿ ಮಾಡಿಕೊಳ್ಳುತ್ತದೆ, ನನ್ನ ಲ್ಯಾಪ್‌ಟಾಪ್ ಹಳೆಯದನ್ನೇ ನೆನಪಿಟ್ಟುಕೊಂಡಿತ್ತು. ಕೆಟ್ಟ ಕೆಲಸ ಮಾಡುತ್ತಿದ್ದ ಆ ‘ಯಾರೋ’ ಸೋಫಾದ ಮೇಲೆಯೇ ಕೂತಿದ್ದ. ನೆನಪಿನ ಆ ಸಾಲನ್ನು ಅಳಿಸಿದೊಡನೆ ಒಳಗೆ ಹೋದೆ.

ಟ್ಯಾಂಕ್ ಶೇ. 40 ತುಂಬಿದೆ ಎಂದು ಪರದೆ ಹೇಳಿತು. ‘ಮೋಟರ್ ಹಾಕು, ನಾನು ಇಲ್ಲಿಂದಲೇ ನೋಡ್ಕೋತೀನಿ’ ಎಂದು ಹೆಂಡತಿಗೆ ಗತ್ತಿನಿಂದ ಕೂಗಿದೆ. ಸ್ವಲ್ಪ ಹೊತ್ತು ಹೊರಬಂದು ಆಮೇಲೆ ಮತ್ತೆ ಹೋದರಾಯಿತು ಎಂದು ಮರ್ಯಾದೆಯಾಗಿ ‘ಸುಡೊ ಶಟ್‌ಡೌನ್ ನೌ’ ಎಂದು ಬರೆದೆ. ಹೊರಬರಲಿಲ್ಲ, ಮೇಲಿನ ಕಂಪ್ಯೂಟರನ್ನೇ ಮಲಗಿಸಿದ್ದೆ. ನನ್ನದು ನಾಲ್ಕನೇ ಮಾದರಿ, ಅದಕ್ಕೆ ಪವರ್ ಬಟನ್ನೇ ಇಲ್ಲ; ಪ್ಲಗ್ ಕಿತ್ತು ಹಾಕಿ ಎಬ್ಬಿಸಬೇಕು. ಪ್ಲಗ್ ತಾರಸಿಯಲ್ಲಿ. ಎರಡನೇ ಮಹಡಿ ತಲುಪುವಷ್ಟರಲ್ಲಿ ಮೇಲಿಂದ ನೀರು ಮೆಟ್ಟಿಲಿಳಿದು ಬರುತ್ತಿತ್ತು. ‘ಅಂಕಲ್, ಟ್ಯಾಂಕ್ ತುಂಬಿದೆ’ ಎಂದು ನಮಸ್ಕಾರ ಸಮೇತ ತಿಳಿಸಿದವನು ಅದೇ ಹುಡುಗ.

ನೀವೂ ಇದಕ್ಕೆ ಕೈಹಾಕುವುದಾದರೆ ದಯವಿಟ್ಟು ಹೊರಬರಲು ‘ಎಕ್ಸಿಟ್’ ಎಂದಷ್ಟೇ ಟೈಪಿಸಿ. ಆ ಹಲಗೆಯ ಸ್ವಿಚ್ಚನ್ನು ಮಾತ್ರ ನೆಲಮಹಡಿಯಲ್ಲೇ ಹಾಕಿಸಿಕೊಳ್ಳಿ.