ಮುಹೂರ್ತಕ್ಕೂ ಮಸೂದೆಗೂ ನಡುವೆ

ಎಂಪಿಗಳಿಗೇನು ಕೆಲಸ, ದಿಲ್ಲಿಯ ಎಸಿ ಹಾಲಿನಲ್ಲಿ ಕೂತು ತೂಕಡಿಸುತ್ತಾರೆ, ಕ್ಯಾಂಟೀನಿನಲ್ಲಿ ಪುಕ್ಕಟೆ ಅನ್ನಬಹುದಾದ ರೇಟಿಗೆ ಊಟ ಹೊಡೆಯುತ್ತಾರೆ ಎಂಬುದು ನಮ್ಮ ಹೋಟೆಲುಗಳಲ್ಲಿ ಕಾಫಿಯ ಜೊತೆಗೇ ಸರಬರಾಜಾಗುವ ಮಾತು. ಸಂಸತ್ತಿನ ಕ್ಯಾಂಟೀನಿನ ಸಬ್ಸಿಡಿ 2021ರಲ್ಲೇ ನಿಂತುಹೋಯಿತು. ಮಾತು ಮಾತ್ರ ಈಗಲೂ ಹಳೇ ರೇಟಿನಲ್ಲೇ ಸಿಗುತ್ತಿದೆ. ತೂಕಡಿಕೆಯ ಬಗ್ಗೆ ನಾನು ವಕಾಲತ್ತು ಹಾಕುವುದಿಲ್ಲ, ಅದನ್ನು ಟಿವಿಯಲ್ಲಿ ಎಲ್ಲರೂ ನೋಡಿದ್ದಾರೆ. ಆದರೆ ಕೆಲಸವಿಲ್ಲ ಎನ್ನುವುದು ಮಾತ್ರ ಅಪ್ಪಟ ಸುಳ್ಳು. ಅವರಿಗೆ ಕೈತುಂಬ ಕೆಲಸವಿದೆ, ಉಸಿರಾಡಲೂ ಪುರುಸೊತ್ತಿಲ್ಲ. ನನ್ನ ತಕರಾರೇ ಬೇರೆ. ಸಂವಿಧಾನ ವಹಿಸಿದ ಕೆಲಸಕ್ಕೆ ಅವರ ವಾರದಲ್ಲಿ ಉಳಿಯುವುದು ಚೂರುಪಾರು ಹೊತ್ತು. ಮಿಕ್ಕಿದ್ದೆಲ್ಲ ನಾವು ನೀವು ಹಚ್ಚಿದ ಕೆಲಸ.

ಕರ್ನಾಟಕದಿಂದ ಲೋಕಸಭೆಗೆ ಹೋಗುವವರು 28 ಮಂದಿ. ಚಾಮರಾಜನಗರವನ್ನೇ ತೆಗೆದುಕೊಳ್ಳಿ. ಹೆಗ್ಗಡದೇವನಕೋಟೆಯ ಕಬಿನಿ ಹಿನ್ನೀರಿನಿಂದ ಹಿಡಿದು ಹನೂರಿನ ಆಚೆ ಮಾದಪ್ಪನ ಬೆಟ್ಟದವರೆಗೆ ಎಂಟು ವಿಧಾನಸಭಾ ಕ್ಷೇತ್ರಗಳು. ಅಲ್ಲಿಂದ ಗೆದ್ದವರು ಯಾರೇ ಆಗಲಿ, ಅಧಿವೇಶನದ ಸೋಮವಾರ ಬೆಳಿಗ್ಗೆ 11ಕ್ಕೆ ಪ್ರಶ್ನೋತ್ತರ ವೇಳೆಗೆ ಕೂರಬೇಕಾದರೆ ಭಾನುವಾರವೇ ಕಾರು ಹತ್ತಿ, ದೇವನಹಳ್ಳಿಯಲ್ಲಿ ವಿಮಾನ ಹಿಡಿಯಬೇಕು. ಅಷ್ಟು ದೂರ ಹೋದ ಮೇಲಾದರೂ ಕೇಳಬೇಕಾದ್ದನ್ನು ಕೇಳಬಹುದೇ? ದಿನಕ್ಕೆ ಇಪ್ಪತ್ತೇ ಚುಕ್ಕೆ ಗುರುತಿನ ಪ್ರಶ್ನೆ. ಹದಿನೈದು ದಿನ ಮೊದಲೇ ಬರೆದು ಕೊಟ್ಟಿರಬೇಕು, ಯಾರದು ಮೊದಲು ಎನ್ನುವುದನ್ನು ಲಾಟರಿ ಎತ್ತಿ ತೀರ್ಮಾನಿಸುತ್ತಾರೆ. ಆ ಇಪ್ಪತ್ತರಲ್ಲಿ ಮಂತ್ರಿಗಳು ಎದ್ದು ನಿಂತು ಬಾಯಲ್ಲಿ ಉತ್ತರ ಕೊಡುವ ಹೊತ್ತಿಗೆ ಬರುವುದು ಬೆರಳೆಣಿಕೆಯಷ್ಟು. ಗಲಾಟೆಯಾಗಿ ಸದನ ಮುಂದಕ್ಕೆ ಹೋಯಿತೆಂದರೆ ಅದೂ ಇಲ್ಲ. ಇನ್ನು 230 ಪ್ರಶ್ನೆಗಳಿಗೆ ಚುಕ್ಕೆಯೂ ಇಲ್ಲ, ಬಾಯಿಯೂ ಇಲ್ಲ, ಬರೀ ಕಾಗದದ ಉತ್ತರ. ಶುಕ್ರವಾರ ಮಧ್ಯಾಹ್ನದ ಮೇಲೆ ಎರಡೂವರೆ ಗಂಟೆ ಖಾಸಗಿ ಸದಸ್ಯರ ಕಲಾಪಕ್ಕೆ ಮೀಸಲು. ಮಂತ್ರಿಯಲ್ಲದವರೂ ತಮ್ಮದೇ ಮಸೂದೆ ಮಂಡಿಸಬಹುದಾದ ಸಮಯ ಅದು. 1952ರಿಂದ ಈಚೆಗೆ ಅಂಥ ಮಸೂದೆಗಳಲ್ಲಿ ಕಾಯ್ದೆಯಾದದ್ದು ಒಟ್ಟು 14, ಕೊನೆಯದು ಆದದ್ದು 1970ರಲ್ಲಿ. ಸದನದ ಕೋರಂ ಎಂದರೆ ಹತ್ತನೇ ಒಂದು ಪಾಲು, ಅಂದರೆ 55 ಮಂದಿ. ಶುಕ್ರವಾರದ ಇಳಿಹೊತ್ತಿನಲ್ಲಿ ಅಷ್ಟು ಎಂಪಿಗಳನ್ನು ಒಟ್ಟಿಗೆ ಕಾಣಬೇಕೆಂದರೆ ಸಂಸತ್ತಿಗಿಂತ ವಿಮಾನ ನಿಲ್ದಾಣಕ್ಕೆ ಹೋಗುವುದು ವಾಸಿ.

ಅವರು ಅಷ್ಟು ಧಾವಂತದಲ್ಲಿ ಊರಿಗೆ ಬರುವುದು ವಿಶ್ರಾಂತಿಗೆಂದು ತಿಳಿದವರು ಶನಿವಾರ ಬೆಳಿಗ್ಗೆ ಅವರ ಮನೆ ಮುಂದೆ ನಿಂತು ನೋಡಬೇಕು. ಜಗುಲಿಯಲ್ಲಿ ಜನ, ಗೇಟಿನಾಚೆ ಜನ, ಪಿಎ ಕೈಯಲ್ಲಿ ಲೆಟರ್‌ಹೆಡ್ಡಿನ ಕಟ್ಟು. ಒಬ್ಬರಿಗೆ ತಿರುಪತಿ ದರ್ಶನಕ್ಕೆ ಕಾಗದ ಬೇಕು, ಇನ್ನೊಬ್ಬರಿಗೆ ರೈಲಿನ ವೇಟಿಂಗ್ ಲಿಸ್ಟು ಇಕ್ಯೂ ಎಂಬ ತುರ್ತು ಕೋಟಾದಲ್ಲಿ ಕನ್‌ಫರ್ಮ್ ಆಗಬೇಕು, ಮತ್ತೊಬ್ಬರ ಮಗಳಿಗೆ ತವರಿನ ಹತ್ತಿರಕ್ಕೆ ವರ್ಗ ಆಗಬೇಕು. 'ನೀವೊಂದು ಮಾತು ಹೇಳಿದ್ರೆ ಆಗೋಗುತ್ತೆ ಸಾರ್' ಎನ್ನುವ ವಾಕ್ಯ ಬೆಳಗಿನಿಂದ ಸಂಜೆವರೆಗೆ ನಿಲ್ಲುವುದಿಲ್ಲ. ನಡುವೆ ಮದುವೆಗಳು. ಎಂಪಿ ಮದುವೆಗೆ ಬರುವ ಬಗೆಯೇ ಒಂದು ಶಾಸ್ತ್ರ. ಮೊದಲು ಹುಡುಗರ ದಂಡು ನುಗ್ಗಿ ದಾರಿ ಬಿಡಿಸುತ್ತದೆ. ವಾಲಗದವರು ತಾವಾಗಿಯೇ ದನಿ ಏರಿಸುತ್ತಾರೆ. ಸಾಹೇಬರು ಮಂಟಪ ಹತ್ತಿ, ಅಕ್ಷತೆ ಹಾಕಿ, ಗಂಡು ಹೆಣ್ಣಿನ ನಡುವೆ ನಿಂತು, ಗಂಡಿನ ಹೆಸರನ್ನು ಪಕ್ಕದವರಿಂದ ಕೇಳಿ ತಿಳಿದು, ಅದೇ ಹೆಸರು ಹಿಡಿದು ಆತ್ಮೀಯವಾಗಿ ಹರಸುತ್ತಾರೆ. ಫೋಟೋ ಆಗುತ್ತದೆ. ಊಟಕ್ಕೆ ಕೂರುವ ಹಾಗಿಲ್ಲ, ಇನ್ನೂ ನಾಲ್ಕು ಛತ್ರ ಬಾಕಿ. ಹೊರಗೆ ಕಾರಿನ ಇಂಜಿನ್ ಆಫೇ ಆಗಿರುವುದಿಲ್ಲ. ದಿಲ್ಲಿಯಲ್ಲಿ ಹಾಜರಿ ಕಡಿಮೆಯಾದರೆ ಪತ್ರಿಕೆಯ ಒಳಪುಟದಲ್ಲಿ ಒಂದು ಅಂಕಿ ಬರುತ್ತದೆ, ಅಷ್ಟೇ. ಮದುವೆಯಲ್ಲಿ ಹಾಜರಿ ತಪ್ಪಿದರೆ ಒಂದು ವಂಶವೇ ಐದು ವರ್ಷ ನೆನಪಿಟ್ಟುಕೊಂಡಿರುತ್ತದೆ. ಲೆಕ್ಕ ಬಲ್ಲವರು ಎಲ್ಲಿಗೆ ಹೋಗುತ್ತಾರೆ ನೀವೇ ಹೇಳಿ.

ಇದಕ್ಕೆ ಒಂದು ಆಕ್ಷೇಪ ಬರುತ್ತದೆ, ಬರಬೇಕಾದ್ದೇ. ಜನರ ನಡುವೆ ಇರುವುದೇ ಪ್ರಜಾಪ್ರಭುತ್ವ, ಗೆದ್ದ ಮೇಲೆ ಮುಖ ತೋರಿಸದವರನ್ನು ಬೈಯುವವರೂ ನೀವೇ, ಬಂದವರನ್ನು ಗೇಲಿ ಮಾಡುವವರೂ ನೀವೇ ಎಂದು. ಒಪ್ಪಿದೆ. ಚರಂಡಿ ಕಟ್ಟಿಕೊಂಡವರು ಹೇಳಿಕೊಳ್ಳಲು ಯಾರ ಹತ್ತಿರವಾದರೂ ಹೋಗಲೇಬೇಕು. ಆದರೆ ಚರಂಡಿಗೆಂದೇ ಗ್ರಾಮ ಪಂಚಾಯಿತಿ ಇದೆ, ಅದರ ಮೇಲೆ ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳಿವೆ. ಇವೆ ಎಂದು ಕಾಗದದಲ್ಲಿದೆ. ಕರ್ನಾಟಕದ ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ನಡುವಿನ ಮೆಟ್ಟಿಲುಗಳನ್ನು ಕಿತ್ತು ಹಾಕಿ, ಜನ ನೇರ ಅಟ್ಟಕ್ಕೇ ಯಾಕೆ ಹಾರುತ್ತಾರೆ ಎಂದು ಕೇಳಿದರೆ ಏನು ಹೇಳುವುದು? ಮೇಲಾಗಿ ಎಂಪಿಯ ಕೈಯಲ್ಲಿ ಇರುವುದಾದರೂ ಎಷ್ಟು? ಸ್ಥಳೀಯ ಅಭಿವೃದ್ಧಿ ನಿಧಿ ವರ್ಷಕ್ಕೆ 5 ಕೋಟಿ. ಎಂಟು ವಿಧಾನಸಭಾ ಕ್ಷೇತ್ರಕ್ಕೆ ಹಂಚಿದರೆ ತಲಾ ಅರವತ್ತೆರಡೂವರೆ ಲಕ್ಷ. ಅದನ್ನೂ ಅವರು ಶಿಫಾರಸು ಮಾಡಬಹುದಷ್ಟೇ, ಮಂಜೂರು ಮಾಡುವುದು ಜಿಲ್ಲಾಡಳಿತ. ಅದರಲ್ಲಿ ಏಳುವುದು ಹೈಮಾಸ್ಟ್ ದೀಪ ಅಥವಾ ಬಸ್ ತಂಗುದಾಣ, ಅದರ ನೆತ್ತಿಯ ಮೇಲೆ ತಂಗುದಾಣಕ್ಕಿಂತ ದೊಡ್ಡದಾದ ಹೆಸರು. ಕೇಂದ್ರೀಯ ವಿದ್ಯಾಲಯದಲ್ಲಿ ಪ್ರತಿ ಎಂಪಿಗೂ ಹತ್ತು ಸೀಟಿನ ಕೋಟಾ ಇತ್ತು. ಹತ್ತು ಮನೆಗೆ ಸಂತೋಷ, ಮಿಕ್ಕ ಅರ್ಜಿದಾರರ ಮನೆಗಳಿಗೆಲ್ಲ ಸಿಟ್ಟು. 2022ರಲ್ಲಿ ಅದು ರದ್ದಾದಾಗ ಒಳಗೊಳಗೇ ಹಗುರಾದ ಎಂಪಿಗಳು ಕಡಿಮೆ ಇರಲಾರರು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ನಿಜವಾದ ಕೆಲಸ ಕ್ಯಾಮೆರಾ ಇಲ್ಲದ ಸ್ಥಾಯಿ ಸಮಿತಿಗಳಲ್ಲಿ ನಡೆಯುತ್ತದೆ, ಅಲ್ಲಿ ಪಕ್ಷ ಮರೆತು ಕಡತ ಓದುವವರಿದ್ದಾರೆ, ಅದು ನಿಮ್ಮ ಕಣ್ಣಿಗೆ ಬೀಳುವುದಿಲ್ಲ ಎಂಬುದು. ಇದೂ ನಿಜ. ಇಲಾಖೆಗಳಿಗೆ ಸಂಬಂಧಿಸಿದ 24 ಸಮಿತಿಗಳಿವೆ, ಒಳ್ಳೆಯ ವರದಿಗಳೂ ಬಂದಿವೆ. ಆದರೆ ಅಲ್ಲಿಗೆ ಹೋಗುವ ಮಸೂದೆಗಳೇ ಕರಗುತ್ತಿವೆಯಲ್ಲ! 15ನೇ ಲೋಕಸಭೆಯಲ್ಲಿ ನೂರಕ್ಕೆ 71ರಷ್ಟು ಮಸೂದೆಗಳು ಸಮಿತಿಗೆ ಹೋಗಿದ್ದವು, 17ನೆಯದರಲ್ಲಿ 16ರಷ್ಟು. ಸದನ ಕೂರುವುದೂ ಹಾಗೇ ಆಗಿದೆ. ಮೊದಲನೆಯ ಲೋಕಸಭೆ 677 ದಿನ ಕೂತಿತ್ತು, 17ನೆಯದು 274 ದಿನ. ಅದರ ಮೇಲೆ 1985ರ ಪಕ್ಷಾಂತರ ನಿಷೇಧ ಕಾಯ್ದೆ. ವಿಪ್ ಬಂದ ಮೇಲೆ ತಿರುಗಿ ಓಟು ಹಾಕಿದರೆ ಸದಸ್ಯತ್ವಕ್ಕೇ ಕುತ್ತು. ಯಾವ ಬಟನ್ ಒತ್ತಬೇಕೆಂದು ಮೊದಲೇ ಗೊತ್ತಿರುವಾಗ ರಾತ್ರಿಯೆಲ್ಲ ಕೂತು ಮಸೂದೆ ಓದುವುದು ಯಾವ ಪುರುಷಾರ್ಥಕ್ಕೆ? ನಿದ್ದೆಗೆಡುವುದು ಮದುವೆಗಾದರೂ ಸಾರ್ಥಕ, ಅಲ್ಲಿ ಅವರು ತಮ್ಮ ಸ್ವಂತ ಬುದ್ಧಿಯಿಂದ ಅಕ್ಷತೆ ಹಾಕಬಹುದು.

ಹಾಗೆಂದು ಸದನದಲ್ಲಿ ಮಾಡಿದ್ದನ್ನು ಜನ ನೆನೆಯುವುದೇ ಇಲ್ಲವೆಂದಲ್ಲ. 1967ರಲ್ಲಿ ಶಿವಮೊಗ್ಗದಿಂದ ಹೋದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಎದ್ದು ನಿಂತು ಕನ್ನಡದಲ್ಲಿ ಮಾತಾಡಿದರು. ಆ ಸಂಗತಿಯನ್ನು ನಾಡು ಇವತ್ತಿಗೂ ಹೇಳಿಕೊಳ್ಳುತ್ತದೆ. ಆ ಅವಧಿಯಲ್ಲಿ ಅವರು ಎಷ್ಟು ಮದುವೆಗಳಿಗೆ ಹೋದರು, ಎಷ್ಟಕ್ಕೆ ತಪ್ಪಿಸಿಕೊಂಡರು ಎಂದು ಕೇಳಿದವರು ಯಾರೂ ಇಲ್ಲ.

ಎಂಪಿಗಳು ಮದುವೆ ಬಿಡಬೇಕೆಂದು ಹೇಳುವಷ್ಟು ಭೋಳೆತನ ನನಗಿಲ್ಲ. ಅದೃಷ್ಟಕ್ಕೆ ನಮ್ಮ ಪಂಚಾಂಗ ಸಂಸತ್ತಿಗೆ ಸಾಕಷ್ಟು ಸಹಕಾರ ಕೊಡುತ್ತದೆ. ಮಳೆಗಾಲದ ಅಧಿವೇಶನ ಶುರುವಾಗುವುದು ಎಷ್ಟೋ ವರ್ಷ ಆಷಾಢದ ಕೊನೆಗೆ, ಆಗ ಓಲಗವಿಲ್ಲ. ಚಳಿಗಾಲದ್ದು ಮುಗಿಯುವ ಹೊತ್ತಿಗೆ ಧನುರ್ಮಾಸ ಹಿಡಿದಿರುತ್ತದೆ, ಆಗಲೂ ಇಲ್ಲ. ತೊಡಕು ಬಜೆಟ್ ಅಧಿವೇಶನದ್ದೊಂದೇ. ಮಾಘ, ಫಾಲ್ಗುಣದ ಮುಹೂರ್ತಗಳು ಒಂದರ ಬೆನ್ನಿಗೊಂದು ಬರುವ ಕಾಲದಲ್ಲೇ ದೇಶದ ವರ್ಷದ ಖರ್ಚಿಗೆ ಒಪ್ಪಿಗೆ ಬೀಳಬೇಕು. ಹೆಣ್ಣು ಹೆತ್ತವರಲ್ಲಿ, ಗಂಡು ಹೆತ್ತವರಲ್ಲಿ ಕೇಳಿಕೊಳ್ಳುವುದಿಷ್ಟೇ: ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಶನಿವಾರ, ಭಾನುವಾರದ ಮುಹೂರ್ತವನ್ನೇ ಇಡಿಸಿ. ಸಿಗದೇ ಹೋದರೆ ಎಂಪಿಗೆ ಕಾರ್ಡು ಕೊಡಬೇಡಿ, ಎಂಎಲ್ಎಗೆ ಕೊಡಿ. ಬಜೆಟ್ ಅಧಿವೇಶನ ಅವರಿಗೂ ಇರುತ್ತದೆ, ಆದರೆ ಅವರು ಬೆಂಗಳೂರಿನಿಂದ ಕಾರಿನಲ್ಲಿ ರಾತ್ರಿಯ ಆರತಕ್ಷತೆಗಾದರೂ ಬಂದು ತಲುಪುತ್ತಾರೆ.